ಕರಿಹಲಗೆಯ ಮೇಲಿನ ಹೊಗೆ

ಶಹಾಪುರದ ಪ್ರೌಢಶಾಲೆಯೊಂದರಲ್ಲಿ ಹನ್ನೆರಡು ವರ್ಷ ವಿಜ್ಞಾನ ಕಲಿಸಿದ ಮೇಲೆ, ಒಂದು ಪಾಠವನ್ನು ಅಷ್ಟೂ ವರ್ಷ ತಪ್ಪಾಗಿ ಹೇಳಿದ್ದೇನೆಂದು ನನಗೆ ತಿಳಿಯಿತು. ತೋರಿಸಿಕೊಟ್ಟವರು ನಮ್ಮ ಓಣಿಯ ಚಾಚಾ. ಏಳನೇ ತರಗತಿಗೇ ಶಾಲೆ ಬಿಟ್ಟವರು.

ಚಾಚಾ ಕೃಷ್ಣಾ ನದಿಯ ದಂಡೆಯ ವಿದ್ಯುತ್ ಸ್ಥಾವರವೊಂದರಲ್ಲಿ ಮೂವತ್ತು ವರ್ಷ ದುಡಿದವರು. ಮೊದಲು ವ್ಯಾಗನ್‌ಗಳಿಂದ ಕಲ್ಲಿದ್ದಲು ಇಳಿಸುವಲ್ಲಿ, ಆಮೇಲೆ ಬಾಯ್ಲರಿನ ಹತ್ತಿರ. ಚಾಚಿ ಮತ್ತು ಮಕ್ಕಳು ಇಲ್ಲೇ ಶಹಾಪುರದಲ್ಲಿ. ರಜೆ ಸಿಕ್ಕಾಗ ಬಂದು ಹೋಗುತ್ತಿದ್ದ ಚಾಚಾ ನಿವೃತ್ತಿಯ ನಂತರ ಪೂರ್ತಿ ಮನೆಗೆ ಬಂದರು. ನಮ್ಮ ಮನೆಗೂ ಅವರ ಮನೆಗೂ ನಡುವೆ ಒಂದೇ ಗೋಡೆ.

ಕಲ್ಲಿದ್ದಲಿನಿಂದ ವಿದ್ಯುತ್ ತಯಾರಾಗುವ ಪಾಠ ಬಂದಾಗ, ಮಕ್ಕಳಿಗೆ ನಾಲ್ಕು ಮಾತು ಹೇಳಲು ಬನ್ನಿ ಎಂದು ಅವರನ್ನು ಕರೆದೆ.

"ನಾ ಏನ್ ಹೇಳಲಿ ಬೇಟಿ? ನನಗ ಪುಸ್ತಕದ ಮಾತು ಬರಂಗಿಲ್ಲ."

"ಪುಸ್ತಕದ್ದು ನಾ ಹೇಳ್ತೀನಿ ಚಾಚಾ. ನೀವು ಕಂಡದ್ದು ಹೇಳ್ರಿ, ಸಾಕು."

ಇಸ್ತ್ರಿ ಮಾಡಿದ ಬಿಳಿ ಅಂಗಿ ತೊಟ್ಟು ಬಂದರು. ಮೊದಲು ಮಾತು ತಡವರಿಸಿತು. ಮುಂದಿನ ಬೆಂಚಿನ ಹುಡುಗಿಯೊಬ್ಬಳು, "ಕಲ್ಲಿದ್ದಲು ದೊಡ್ಡ ದೊಡ್ಡ ಹೆಂಟಿ ಹಂಗೇ ಒಲಿಗೆ ಹಾಕ್ತಾರೇನ್ರಿ?" ಎಂದು ಕೇಳಿದ ಮೇಲೆ ಸರಾಗವಾಯಿತು.

"ಇಲ್ಲವ್ವ. ಮುಖಕ್ಕ ಹಚ್ಚೋ ಪೌಡರ್ ಅದ ಅಲ್ಲ, ಅಷ್ಟು ಸಣ್ಣಗ ಬೀಸ್ತಾರ. ಗಾಳಿ ಜೋಡಿ ಅದನ್ನ ಊದಿದ್ರ ಭಗ್ ಅಂತ ಹತ್ತತದ. ಬೆಂಕಿಯ ಸುತ್ತಲೂ ಕೊಳವಿ, ಕೊಳವಿ ಒಳಗ ನೀರು. ಅದು ಹಬಿ ಆಗಿ, ಜೋರಿಲೆ ಹೋಗಿ ಚಕ್ರ ತಿರುಗಿಸ್ತದ. ಚಕ್ರ ತಿರುಗಿದ್ರ ಕರೆಂಟು. ಕಲ್ಲಿದ್ದಲಿನ ಕೆಲಸ ನೀರು ಕಾಸೋದು, ಅಷ್ಟೇ."

ಹಿಂದಿನ ಬೆಂಚಿನವರೂ ಕತ್ತು ಚಾಚಿ ಕೇಳುತ್ತಿದ್ದರು. ಅಷ್ಟರಲ್ಲಿ ಚಾಚಾ ನಾನು ಹಲಗೆಯ ಮೇಲೆ ಬರೆದಿದ್ದ ಚಿತ್ರದತ್ತ ತಿರುಗಿದರು. ನಡು ಸಣ್ಣಗಿರುವ ದಪ್ಪ ಗೋಪುರ, ಅದರ ಬಾಯಿಂದ ಏಳುವ ಬಿಳಿ ಮೋಡ, ಪಕ್ಕದಲ್ಲಿ ನನ್ನ ದುಂಡು ಅಕ್ಷರ: 'ಕಲ್ಲಿದ್ದಲಿನ ಹೊಗೆ'. ಯಾದಗಿರಿಯಿಂದ ರಾಯಚೂರಿಗೆ ರೈಲಿನಲ್ಲಿ ಹೋಗುವಾಗ ಕಿಟಕಿಯಿಂದ ಕಂಡದ್ದನ್ನೇ ಪ್ರತಿ ವರ್ಷ ಬರೆಯುತ್ತಿದ್ದೆ.

"ಟೀಚರ್, ಇದು ಹೊಗಿ ಅಲ್ರಿ," ಎಂದರು ಮೆಲ್ಲಗೆ. "ಇದು ನೀರಿನ ಹಬಿ. ಚಕ್ರ ತಿರುಗಿಸಿ ಬಂದ ಹಬಿನ ಮತ್ತ ನೀರು ಮಾಡಬೇಕಲ್ರಿ, ಅದನ್ನ ತಣ್ಣಗ ಮಾಡಾಕ ಬ್ಯಾರೆ ನೀರು ಹರಸ್ತಾರ. ಆ ನೀರು ಬಿಸಿ ಆಗ್ತದ. ಅದನ್ನ ಆರಿಸೋ ಜಾಗ ಇದು. ಹೊಗಿ ಹೋಗೋದು ಬಾಜೂಕಿನ ಉದ್ದ ಚಿಮಣಿಯಿಂದ."

ಮಕ್ಕಳೆಲ್ಲ ನನ್ನತ್ತ ನೋಡಿದರು. ಆಗ ಸುಮ್ಮನಿದ್ದರೂ ಆಗುತ್ತಿತ್ತು. ನಾನು, "ಇಲ್ಲ ಚಾಚಾ, ನಾವು ಓದಿದ್ದು ಹೀಂಗೇ ಅದ," ಎಂದುಬಿಟ್ಟೆ. ಹಾಗೆ ಎಲ್ಲೂ ಓದಿರಲಿಲ್ಲ.

ಚಾಚಾ ನನ್ನ ಮುಖ ನೋಡಿದರು. "ಇರಬಹುದ್ರಿ. ನಾ ಕಲತಾವ ಅಲ್ಲ," ಎಂದು ಮಾತು ಮುಗಿಸಿದರು. ಮಕ್ಕಳು ಚಪ್ಪಾಳೆ ಹೊಡೆದರು. ಅವರು ಕೈಮುಗಿದು ಹೊರಟುಹೋದರು.

ಸಂಜೆ ಪುಸ್ತಕ ತೆಗೆದು ನೋಡಿದೆ, ಮೊಬೈಲಿನಲ್ಲೂ ಹುಡುಕಿದೆ. ಅವರು ಹೇಳಿದ್ದು ಅಕ್ಷರಶಃ ನಿಜವಾಗಿತ್ತು. ತಪ್ಪು ಚಿತ್ರಕ್ಕಿಂತ ಹೆಚ್ಚು ಚುಚ್ಚಿದ್ದು ಅವರು ಹಿಂದೆ ಸರಿದ ರೀತಿ. ಮೂವತ್ತು ವರ್ಷ ಕಣ್ಣಾರೆ ಕಂಡದ್ದನ್ನು, ನನ್ನ ಮರ್ಯಾದೆ ಉಳಿಸಲು, ಅರೆಗಳಿಗೆಯಲ್ಲಿ ಬಿಟ್ಟುಕೊಟ್ಟಿದ್ದರು.

ಮರುದಿನ ಮೊದಲ ಪಿರಿಯಡ್ಡಿನಲ್ಲಿ ಅದೇ ಗೋಪುರ ಬರೆದು, 'ನೀರಿನ ಹಬೆ' ಎಂದು ಬರೆದೆ. "ನಿನ್ನೆ ಚಾಚಾ ಹೇಳಿದ್ದೇ ಸರಿ. ನಾ ಹೇಳಿದ್ದು ತಪ್ಪು. ತಿದ್ದಿಕೊಳ್ರಿ," ಎಂದೆ. ಯಾರೂ ನಗಲಿಲ್ಲ. ರಬ್ಬರು ಉಜ್ಜುವ ಸದ್ದಷ್ಟೇ ಕೇಳಿಸಿತು.

ಶಾಲೆ ಬಿಟ್ಟ ಮೇಲೆ ನೇರ ಅವರ ಮನೆಗೆ ಹೋದೆ. ಚಾಚಾ ಕಟ್ಟೆಯ ಮೇಲೆ ಕೂತಿದ್ದರು.

"ನಿನ್ನೆ ನಾ ಸುಳ್ಳು ಹೇಳಿದೆ ಚಾಚಾ. ಮಕ್ಕಳ ಮುಂದ ಸಣ್ಣಾಕಿ ಆಗ್ತೀನಂತ ಹೆದರಿದೆ. ಇವತ್ತು ಅವರಿಗೆ ಹೇಳಿ ಬಂದೀನಿ."

"ಇಷ್ಟಕ್ಕ ಯಾಕ ಮನಸಿಗಿ ಹಚ್ಕೊಂಡಿ?" ಎಂದು ಅವರು ನಕ್ಕರು. "ನನಗೂ ಮೊದಲಿಗೆ ಹೊಗಿ ಅಂತಲೇ ಅನಿಸಿತ್ತು. ಹತ್ರ ಹೋದಾಗ ಮೈ ಮ್ಯಾಲ ತುಂತುರು ಬಿತ್ತು, ಆಗ ತಿಳೀತು," ಎಂದರು. ಆಮೇಲೆ ದನಿ ತಗ್ಗಿಸಿ, "ಬೂದಿದೂ ಹೇಳು ಮಕ್ಕಳಿಗೆ. ಸುಟ್ಟ ಮ್ಯಾಲ ಗುಡ್ಡದಷ್ಟು ಉಳೀತದ. ಕರೆಂಟು ಎಲ್ಲರಿಗೂ ಕಾಣ್ತದ, ಬೂದಿ ಬಾಜೂಕ ಇದ್ದವರಿಗಷ್ಟೇ," ಎಂದರು.

ಚಹಾ ತಂದ ಚಾಚಿ ಬಾಗಿಲಲ್ಲೇ ನಿಂತು ಇದನ್ನೆಲ್ಲ ಕೇಳುತ್ತಿದ್ದರು.

"ಮೂವತ್ತು ವರ್ಸ ನನಗ ಇದರಾಗಿನ ಒಂದ್ ಮಾತೂ ಹೇಳಿಲ್ಲ ನೋಡವ್ವ. ಕೇಳಿದ್ರ 'ಡ್ಯೂಟಿ' ಅಂತಿದ್ರು, ಅಷ್ಟೇ."

"ನೀ ಯಾವಾಗ ಕೇಳಿದಿ?" ಎಂದರು ಚಾಚಾ.

ಚಾಚಿ ಕಪ್ಪುಗಳನ್ನು ನಮ್ಮ ಕೈಗಿಟ್ಟು, ಸೆರಗು ಸರಿಪಡಿಸಿಕೊಂಡು ಹೊಸ್ತಿಲ ಮೇಲೆ ಕೂತರು.

"ಈಗ ಕೇಳಾಕತ್ತೀನಲ್ಲ. ಆ ಚಕ್ರ ಎಷ್ಟು ದೊಡ್ಡದಿರ್ತದ?"