ಪಶ್ಚಿಮವಾಹಿನಿಗೆ ಬಿಟ್ಟ ರೀಲು

ಕಿರಂಗೂರಿನ ಹೊನ್ನಪ್ಪಣ್ಣ ಸತ್ತು ಮೂರು ತಿಂಗಳಾಯಿತು. ಊರವರು ಅವನನ್ನು ಮಿಲಿಟರಿ ಹೊನ್ನಪ್ಪ ಅಂತಲೂ, ಕ್ಯಾಂಟೀನಿನ ರಮ್ಮು ತಂದು ಹಂಚುತ್ತಿದ್ದ ಧಾರಾಳಿ ಅಂತಲೂ ನೆನೆಯುತ್ತಾರೆ. ನೆನೆಯಲಿ. ಕೊನೆಯ ಎರಡು ವರ್ಷ ಅವನು ನಗುವುದನ್ನೇ ಬಿಟ್ಟಿದ್ದ ಅನ್ನುವುದು ಈ ಕುಡುಕರಿಗೆ ಕಾಣಲಿಲ್ಲ. ನನಗೆ ಕಾಣುತ್ತಿತ್ತು, ಯಾಕೆಂದರೆ ಅವನ ಕೈಯಲ್ಲಿ ಆ ಕೆಲಸ ಮಾಡಿಸಿದವನು ನಾನೇ.

ಅವನು ಸೈನ್ಯದಲ್ಲಿ ಜೀಪು ಓಡಿಸುತ್ತಿದ್ದ. ಎಪ್ಪತ್ತೊಂದರ ಯುದ್ಧದಲ್ಲಿ ನಮ್ಮವರು ಪೂರ್ವದ ಗಡಿ ದಾಟಿದಾಗ, ಸಿನಿಮಾ ಕ್ಯಾಮೆರಾ ಹಿಡಿದ ಒಬ್ಬ ಕ್ಯಾಪ್ಟನ್ನಿಗೆ ಇವನೇ ಡ್ರೈವರು. ಶತ್ರುಗಳು ಬಿಟ್ಟುಹೋದ ಒಂದು ಹಳ್ಳಿಗೆ ಇವರು ಹೋದರೆ, ಕೆರೆ ಏರಿಯ ಮೇಲೆ ಊರಿಗೆ ಊರೇ ಸತ್ತು ಬಿದ್ದಿತ್ತು. ಉಳುವವರು, ಮುದುಕರು, ಹೆಂಗಸರು. ಕ್ಯಾಪ್ಟನ್ ಇಳಿದುಹೋಗಿ ಎಲ್ಲವನ್ನೂ ಚಿತ್ರ ತೆಗೆದ. ಹೊನ್ನಪ್ಪಣ್ಣ ಜೀಪು ಬಿಟ್ಟು ಇಳಿಯಲಿಲ್ಲ. ಯುದ್ಧ ಮುಗಿದ ಮೇಲೆ ಕ್ಯಾಪ್ಟನ್ ಆ ಫಿಲಮ್ಮಿನ ಎರಡು ಪ್ರತಿ ಮಾಡಿಸಿದ. ಎರಡೂ ಒಂದೇ ಕಡೆ ಇರಬಾರದು, ಎಂದಾದರೂ ಯಾರಾದರೂ ಕೇಳಿಕೊಂಡು ಬರುತ್ತಾರೆ, ಅಲ್ಲಿಯವರೆಗೆ ಜೋಪಾನ ಅಂತ ಒಂದನ್ನು ಇವನ ಕೈಗೆ ಕೊಟ್ಟ. ಇವನು ತಂದು ಟ್ರಂಕಿನ ತಳಕ್ಕೆ ಹಾಕಿ ಇಪ್ಪತ್ತೆರಡು ವರ್ಷ ಕಾದ.

ನಾನು ಪಾಂಡವಪುರದ ನಂಜಪ್ಪ. ಗಣೇಶನ ಹಬ್ಬಕ್ಕೆ ಊರೂರಿಗೆ ಪ್ರೊಜೆಕ್ಟರು ಹೊತ್ತು, ಪರದೆ ಕಟ್ಟಿ ಸಿನಿಮಾ ತೋರಿಸುತ್ತಿದ್ದವನು. ವಿಡಿಯೋ ಬಂದು ನನ್ನ ಹೊಟ್ಟೆಯ ಮೇಲೆ ಹೊಡೆಯಿತು, ಆ ಮಾತು ಬೇರೆ. ತೊಂಬತ್ತಮೂರರಲ್ಲಿ ಹೊನ್ನಪ್ಪಣ್ಣ ಬಂದು, ಸಾಯುವುದರೊಳಗೆ ಅದರಲ್ಲಿ ಏನಿದೆ ಅಂತ ಒಂದು ಸಲ ನೋಡಬೇಕು ಅಂದ. ಅವನ ನಡುಮನೆಯ ಕಿಟಕಿಗೆ ಕಂಬಳಿ ಕಟ್ಟಿ, ಸುಣ್ಣದ ಗೋಡೆಯ ಮೇಲೆ ಬಿಟ್ಟೆ. ಅವನ ಹೆಂಡತಿ ಬೈರಮ್ಮನೂ ಬಂದು ಕೂತಳು. ಹನ್ನೊಂದು ನಿಮಿಷದ ಫಿಲಮ್ಮು, ಶಬ್ದವಿಲ್ಲ. ಮುಗಿದ ಮೇಲೆ ಕಂಬಳಿ ಬಿಚ್ಚುವುದಕ್ಕೂ ಯಾರೂ ಏಳಲಿಲ್ಲ.

ಅದಾಗಿ ಕೆಲವೇ ದಿನಕ್ಕೆ ಪಿತೃಪಕ್ಷ. ಬೈರಮ್ಮನಿಗೆ ಅನ್ನ ಸೇರದಾಯಿತು. “ನಮ್ಮ ಹಿರೀಕರಿಗೆ ವರ್ಸ ವರ್ಸ ಎಡೆ ಇಕ್ತೀವಿ. ಇವ್ರು ನೋಡುದ್ರೆ ನಮ್ಮನೆ ಟ್ರಂಕ್ನಾಗೆ ಹಸ್ಕಂಡು ಕುಂತವ್ರೆ,” ಅಂದಳು.

ಹೊನ್ನಪ್ಪಣ್ಣ ಕ್ಯಾಪ್ಟನ್ನಿಗೆ ಕೊಟ್ಟ ಮಾತನ್ನು ಎತ್ತಿದ. ನಾನಾದರೂ ಸುಮ್ಮನಿರಬೇಕಿತ್ತು. ನನ್ನ ಬಾಯಿಗಷ್ಟು ಮಣ್ಣು ಬೀಳ! ಇಷ್ಟು ವರ್ಷ ಬರದವರು ಇನ್ನು ಬರುತ್ತಾರಾ, ಪಶ್ಚಿಮವಾಹಿನಿಗೆ ಬಿಟ್ಟು ಅವರಿಗೊಂದು ಮುಕ್ತಿ ಕಾಣಿಸು ಅಂದೆ.

ಮಹಾಲಯ ಅಮಾವಾಸ್ಯೆಯ ದಿನ ಶ್ರೀರಂಗಪಟ್ಟಣಕ್ಕೆ ಹೋದೆವು. ನದಿಯ ಮೆಟ್ಟಿಲ ಮೇಲೆ ಪುರೋಹಿತರು ಹೊನ್ನಪ್ಪಣ್ಣನನ್ನು ಸತ್ತವರ ಹೆಸರು ಕೇಳಿದರು. ಗೊತ್ತಿಲ್ಲ ಅಂದ. ಎಷ್ಟು ಜನ ಅಂತ ಕೇಳಿದರು. ಅದೂ ಗೊತ್ತಿಲ್ಲ ಅಂದ. ಹೆಸರಿಲ್ಲದವರಿಗೂ ಉಂಟು ಅಂತ ಅವರು ಎಳ್ಳುನೀರು ಬಿಡಿಸಿದರು. ಆಮೇಲೆ ಹೊನ್ನಪ್ಪಣ್ಣ ಸೊಂಟಮಟ್ಟ ನೀರಿನಲ್ಲಿ ನಿಂತು, ರೀಲನ್ನು ಸುತ್ತು ಸುತ್ತಾಗಿ ಬಿಚ್ಚಿ ಬಿಟ್ಟ. ಮನೆಗೆ ಬಂದು ಹೊಟ್ಟೆತುಂಬ ಉಂಡು, ಒಳ್ಳೇ ಬುದ್ಧಿ ಹೇಳಿದೆ ಅಂತ ನನ್ನ ಬೆನ್ನು ತಟ್ಟಿದ. ನಾನೂ ಬೀಗಿದೆ.

ತೊಂಬತ್ತೈದರ ಬೇಸಿಗೆಯಲ್ಲಿ ಆಕೆ ಬಂದಳು. ಮೂವತ್ತೈದರ ಹೆಂಗಸು, ಫಿಲಮ್ಮಿನಲ್ಲಿದ್ದ ಆ ಹಳ್ಳಿಯವಳು, ಅಲ್ಲೇ ಸ್ಕೂಲಿನಲ್ಲಿ ಮೇಡಂ ಆಗಿದ್ದಾಳಂತೆ. ಕ್ಯಾಪ್ಟನ್ ತೀರಿಹೋಗಿದ್ದ, ಅವನ ಹತ್ತಿರವಿದ್ದ ಪ್ರತಿ ಬೂಷ್ಟು ಹಿಡಿದು ಹಾಳಾಗಿತ್ತು. ಅವನ ಕಾಗದಗಳಲ್ಲಿ ಹೊನ್ನಪ್ಪಣ್ಣನ ವಿಳಾಸ ಸಿಕ್ಕಿ, ಮೂರು ರೈಲು ಬದಲಾಯಿಸಿ ಬಂದಿದ್ದಳು. ಹೊನ್ನಪ್ಪಣ್ಣ ನನಗೆ ಹೇಳಿಕಳಿಸಿದ. ನಾನು ಹೋದಾಗ ಆಕೆಯ ಮುಂದೆ ಕಾಫಿ ಆರಿಹೋಗಿತ್ತು.

ಅವನು ತನ್ನ ಮಿಲಿಟರಿ ಹಿಂದಿಯಲ್ಲಿ ಆಕೆಯ ಮಾತು ಕೇಳಿ ನನಗೆ ಹೇಳುತ್ತಾ ಹೋದ. ಆ ದಿನ ಆಕೆ ಸೋದರಮಾವನ ಮನೆಯಲ್ಲಿದ್ದಳಂತೆ, ಅದಕ್ಕೇ ಉಳಿದಳು. ಏರಿಯ ಮೇಲೆ ಬಿದ್ದವರಲ್ಲಿ ಆಕೆಯ ತಾಯಿಯೂ ಇದ್ದಳು. ಮನೆ ಸುಟ್ಟು ಒಂದು ಫೋಟೋ ಕೂಡ ಉಳಿದಿಲ್ಲ, ಬರಬರುತ್ತಾ ತಾಯಿಯ ಮುಖವೇ ಮರೆತುಹೋಗಿದೆ. ಈಗ ಅಂಥದ್ದು ನಡೆದೇ ಇಲ್ಲ ಅನ್ನುವವರು ಬೇರೆ ಹುಟ್ಟಿಕೊಂಡಿದ್ದಾರೆ. ಆ ಫಿಲಮ್ಮು ಸಿಕ್ಕರೆ ಅವರ ಬಾಯಿಯೂ ಮುಚ್ಚುತ್ತದೆ, ಅಮ್ಮನ ಮುಖವನ್ನೂ ಒಂದು ಸಲ ನೋಡುತ್ತೇನೆ ಅಂದಳು.

ನದಿಗೆ ಬಿಟ್ಟೆ ಅಂತ ಹೊನ್ನಪ್ಪಣ್ಣ ಹೇಳಿದ. ಯಾಕೆ ಬಿಟ್ಟೆ ಅಂತಲೂ ಹೇಳಿದ. ಆಕೆ ಬೈಯಲಿಲ್ಲ. ಬೈದಿದ್ದರೆ ಎಷ್ಟೋ ವಾಸಿಯಿತ್ತು. ನೀವು ನೋಡಿದ್ದೀರಲ್ಲ, ಎಡಗೆನ್ನೆಯ ಮೇಲೆ ಸುಟ್ಟ ಕಲೆ ಇದ್ದವಳು ನನ್ನಮ್ಮ, ಮುಖ ಹೇಗಿತ್ತು ಅಷ್ಟು ಹೇಳಿ ಸಾಕು ಅಂದಳು.

ಹೊನ್ನಪ್ಪಣ್ಣ ನನ್ನ ಕಡೆ ತಿರುಗಿದ. “ಮಿಸೀನು ನಿನ್ ಕೈನಾಗಿತ್ತಲ್ಲ. ನೀನೇ ಹೇಳ್ಲಾ, ನಂಜ.”

ಇದ್ದಳು, ಮಲಗಿದ ಹಾಗಿದ್ದಳು ಅಂತ ಒಂದು ಸುಳ್ಳು ಹೇಳಬಹುದಿತ್ತು. ಆವತ್ತು ಗೋಡೆಯ ಮೇಲೆ ಗಂಡಸರ ಚಿತ್ರ ಮುಗಿದ ಮೇಲೆ ಹೆಂಗಸರು ಬಂದಿದ್ದರು. ಮೈಮೇಲೆ ಬಟ್ಟೆಯಿರಲಿಲ್ಲ. ಎದುರಿಗೆ ಬೈರಮ್ಮ ಕೂತಿದ್ದಾಳಲ್ಲ ಅಂತ, ಆ ಭಾಗ ಮುಗಿಯುವವರೆಗೂ ನಾನು ಲೆನ್ಸಿಗೆ ಅಂಗೈ ಅಡ್ಡ ಹಿಡಿದು, ಮುಖ ತಿರುಗಿಸಿಕೊಂಡು ನಿಂತಿದ್ದೆ. ಅದನ್ನೇ ಅವನಿಗೆ ನೆನಪಿಸಿದೆ.

ಹೊನ್ನಪ್ಪಣ್ಣನಿಗೆ ಅಷ್ಟನ್ನೂ ಆಕೆಗೆ ಹೇಳಲು ಆಗಲಿಲ್ಲ. ನಾವು ಯಾರೂ ನೋಡಿಲ್ಲ ತಾಯಿ ಅಂತಷ್ಟೇ ಹೇಳಿದ.