ಐತಪ್ಪಣ್ಣ ಎಣಿಸಿದ ಚಪ್ಪಲಿಗಳು

ನೀವು ಕಳೆದ ಸಲ ನದಿಗೆ ಇಳಿದಾಗ, ಇಳಿದವರು ಮೇಲೆ ಬಂದರೋ ಇಲ್ಲವೋ ಎಂದು ಲೆಕ್ಕ ಇಟ್ಟವರು ಯಾರು?

ಬಂಟ್ವಾಳದಲ್ಲಿ, ಹಿಂದೆ ದೋಣಿ ದಾಟುತ್ತಿದ್ದ ಹಳೆಯ ಕಡವಿನಲ್ಲಿ ನೇತ್ರಾವತಿಗೆ ಇಳಿದವರಿಗೆ ಈ ಪ್ರಶ್ನೆಯ ಉತ್ತರ ಬಹುಕಾಲ ಸುಲಭವಾಗಿತ್ತು: ಐತಪ್ಪಣ್ಣ. ಅವರ ಲೆಕ್ಕದ ಕ್ರಮವೇ ಬೇರೆ. ನೀರಿನಲ್ಲಿ ತಲೆ ಮುಳುಗುತ್ತದೆ, ಏಳುತ್ತದೆ, ಒಂದರ ಹಿಂದೆ ಒಂದು ಮರೆಯಾಗುತ್ತದೆ. ಆದ್ದರಿಂದ ಅವರು ಚಪ್ಪಲಿ ಎಣಿಸುತ್ತಿದ್ದರು. ಇಳಿಯುವ ಪ್ರತಿಯೊಬ್ಬರೂ ಕಲ್ಲಿನ ಮೆಟ್ಟಿಲ ಮೇಲೆ, ಹೆಬ್ಬೆರಳ ಕಡೆ ನದಿಗೆ ಮುಖವಾಗಿರುವಂತೆ ತಮ್ಮ ಜೋಡಿಯನ್ನು ಬಿಡಬೇಕು. ಮೇಲೆ ಬಂದವರು ಸ್ವತಃ ಅದನ್ನು ಮೆಟ್ಟಿಕೊಂಡು ಹೋಗಬೇಕು. ಗಂಡನ ಚಪ್ಪಲಿಯನ್ನು ಹೆಂಡತಿ ಕೈಯಲ್ಲಿ ಎತ್ತಿಕೊಂಡು ಹೋಗುವಂತಿಲ್ಲ, ತಮ್ಮನದನ್ನು ಅಣ್ಣ ತೆಗೆಯುವಂತಿಲ್ಲ. ಕೊನೆಯ ಜೋಡಿ ಮೆಟ್ಟಿಲು ಬಿಡುವ ತನಕ ಐತಪ್ಪಣ್ಣ ನೀರು ಬಿಡುತ್ತಿರಲಿಲ್ಲ.

ಗಿಡ್ಡ ಆಳು, ಅಗಲವಾದ ಎದೆ. ವರ್ಷಗಟ್ಟಲೆ ಬಿದಿರಿನ ಗಳ ಊರಿ ದೋಣಿ ದಾಟಿಸಿದ್ದರಿಂದ ಬಲಭುಜ ಎಡಭುಜಕ್ಕಿಂತ ತುಸು ಕೆಳಗಿತ್ತು. ಸೊಂಟಕ್ಕೆ ಒಂದು ಕೆಂಪು ಬೈರಾಸು; ಅದೇ ಒರೆಸುವ ಬಟ್ಟೆ, ಅದೇ ಮುಂಡಾಸು, ಯಾರಾದರೂ ನೀರಿನಲ್ಲಿ ತತ್ತರಿಸಿದರೆ ಎಸೆಯುವ ಹಗ್ಗವೂ ಅದೇ. ದೋಣಿಯ ಕೆಲಸ ನಿಂತ ಮೇಲೆ, ಮುಳುಗಿದವರನ್ನು ಹುಡುಕಲು ಊರಿನವರು ಅವರನ್ನು ಕರೆಯುತ್ತಿದ್ದರು. ಆ ಕೆಲಸ ಅವರಿಗೆ ಸಾಕಾಗಿತ್ತು. ಮುಳುಗಿದ ಮೇಲೆ ತೆಗೆಯುವುದಕ್ಕಿಂತ ಮೊದಲೇ ಈಜು ಕಲಿಸುವುದು ಕಡಿಮೆ ಶ್ರಮದ ಕೆಲಸ ಎಂದು ತೀರ್ಮಾನಿಸಿ, ಅರುವತ್ತರ ಮೇಲೆ ಭಾನುವಾರದ ಪಾಠ ಆರಂಭಿಸಿದ್ದರು. ಪಾಠ ಕನ್ನಡದಲ್ಲಿ, ಬೈಗುಳ ತುಳುವಿನಲ್ಲಿ. ಅವರ ಬಾಯಿಂದ ತುಳು ಬಂದ ಕೂಡಲೇ ಕಲಿಯುವ ನಾವೆಲ್ಲ ಕೈಕಾಲು ಸರಿಮಾಡಿಕೊಳ್ಳುತ್ತಿದ್ದೆವು.

ನಾನು ಅವರ ಬಳಿಗೆ ಹೋದದ್ದು ಕಲಿಯುವುದಕ್ಕಲ್ಲ ಎಂಬುದನ್ನು ಒಪ್ಪಿಕೊಳ್ಳಬೇಕು. ಮೂಡುಬಿದಿರೆಯಲ್ಲಿ ಉಪನ್ಯಾಸಕಿಯಾಗಿರುವ ನಾನು ವಿದ್ಯಾರ್ಥಿನಿಯಾಗಿದ್ದಾಗ ಚರ್ಚಾಸ್ಪರ್ಧೆಗಳಲ್ಲಿ ಗೆದ್ದವಳು; ಯಾವ ವಿಷಯಕ್ಕೂ ಪರವಾಗಿ ಮೂರು ವಾದ, ಎದುರಾಳಿಗೆ ಮೂರು ಉತ್ತರ ಸಿದ್ಧವಿಟ್ಟುಕೊಂಡವಳು. ಹೊಳೆಗಳ ನಡುವೆ ಹುಟ್ಟಿ ಬೆಳೆದ ನಮ್ಮ ಹೆಣ್ಣುಮಕ್ಕಳಿಗೆ ಈಜು ಬರುವುದಿಲ್ಲ ಎಂಬುದು ನನ್ನ ವಿಷಯ. ಇದಕ್ಕೆ ನಾನು ಕಂಡುಕೊಂಡ ಪರಿಹಾರ ಒಂದು ಊರ ಟ್ರಯಾತ್ಲಾನ್: ಬಂಟ್ವಾಳದಲ್ಲಿ ಅರ್ಧ ಕಿಲೋಮೀಟರ್ ಈಜು, ಅಲ್ಲಿಂದ ಸಿದ್ಧಕಟ್ಟೆಯ ದಾರಿಯಾಗಿ ಮೂಡುಬಿದಿರೆಗೆ ಸೈಕಲ್, ಮೂಡುಬಿದಿರೆಯ ಸುತ್ತ ಐದು ಕಿಲೋಮೀಟರ್ ಓಟ. ದುಬಾರಿ ಸೈಕಲ್ ಬೇಡ, ವಿಶೇಷ ಉಡುಪು ಬೇಡ, ವಯಸ್ಸಿನ ಮಿತಿಯೂ ಬೇಡ. ನದಿಯ ಭಾಗಕ್ಕೆ ಕಾವಲು ನಿಲ್ಲಬೇಕೆಂದು ಕೇಳಲು ಹೋಗಿ, ಐತಪ್ಪಣ್ಣನ ಎದುರು ಹದಿನೈದು ನಿಮಿಷ ಮಾತಾಡಿದೆ. ಅವರು ವೀಳ್ಯದೆಲೆ ಜಗಿಯುತ್ತ ಪೂರ್ತಿ ಕೇಳಿದರು. ಬಳಿಕ ಒಂದೇ ಪ್ರಶ್ನೆ ಹಾಕಿದರು.

“ಟೀಚರೇ, ನಿಮಗೆ ಈಜಲಿಕ್ಕೆ ಬರ್ತದಾ?”

ಮುಂದಿನ ಭಾನುವಾರ, ಮೂವತ್ತೊಂಬತ್ತನೆಯ ವಯಸ್ಸಿನಲ್ಲಿ, ಚೂಡಿದಾರದ ದುಪ್ಪಟ್ಟಾವನ್ನು ಸೊಂಟಕ್ಕೆ ಬಿಗಿದು, ನನ್ನ ಕಂದು ಚಪ್ಪಲಿಯನ್ನು ಮೆಟ್ಟಿಲ ಮೇಲೆ ಬಿಟ್ಟು ನೀರಿಗೆ ಇಳಿದೆ. ದೇಹ ತೇಲುವುದಕ್ಕೆ ಕಾರಣವೇನು, ಉಸಿರಿನ ಪಾತ್ರವೇನು ಎಂದೆಲ್ಲ ಸೊಂಟಮಟ್ಟದ ನೀರಿನಲ್ಲಿ ನಿಂತು ವಿಚಾರಿಸಲು ಆರಂಭಿಸಿದ್ದೆ.

“ನೀರಿಗೆ ಭಾಷಣ ಕೇಳುದಿಲ್ಲ ಟೀಚರೇ,” ಎಂದರು. “ಬಾಯಿ ಮುಚ್ಚಿ. ಮೊದಲು ಮುಳುಗುವ. ತೇಲುದು ಮತ್ತೆ ನೋಡುವ.”

ಕಲಿಯುವ ಹೆಂಗಸರು ನಾಲ್ಕಾರು ಮಂದಿಯಾದಾಗ ಹೊಸತೊಂದು ತೊಂದರೆ ಎದುರಾಯಿತು. ದಡದ ಕಟ್ಟೆಯ ಮೇಲೆ ಕೆಲವು ಗಂಡಸರು ಬಂದು ಕೂತು ನೋಡತೊಡಗಿದರು, ನಗು, ಪಿಸುಮಾತು. ನಾನು ಒಂದು ಮನವಿಪತ್ರ ಬರೆದು ಪುರಸಭೆಗೆ ಕೊಡುವ ಯೋಚನೆಯಲ್ಲಿದ್ದೆ. ಐತಪ್ಪಣ್ಣ ನೀರಿನಿಂದ ಎದ್ದು, ಬೈರಾಸು ಹಿಂಡುತ್ತ ನೇರವಾಗಿ ಕಟ್ಟೆಯ ಬಳಿಗೆ ಹೋದರು.

“ಸುಮ್ಮನೆ ಕೂತಿದ್ದೀರಲ್ಲ, ಒಳ್ಳೆದಾಯ್ತು ಮಾರಾಯ್ರೆ,” ಎಂದರು. “ನನಗೆ ಒಬ್ಬನಿಗೆ ಸಾಕಾಗುದಿಲ್ಲ. ಆ ಮೆಟ್ಟಿಲಲ್ಲಿ ಏಳು ಜೋಡಿ ಉಂಟು. ಏಳೂ ಹೋಗುವವರೆಗೆ ನೀವು ಏಳುವ ಹಾಗಿಲ್ಲ. ನೋಡುದಾದರೆ ಕೆಲಸ ಮಾಡಿ ನೋಡಿ.”

ಮೂವರು ಆಗಲೇ ಎದ್ದು ಹೋದರು. ಇಬ್ಬರು ಕೂತೇ ಉಳಿದರು, ನಗು ನಿಲ್ಲಿಸಿ, ಕಣ್ಣನ್ನು ಮೆಟ್ಟಿಲಿಗೆ ನೆಟ್ಟು. ಮುಂದಿನ ವಾರ ಆ ಇಬ್ಬರಲ್ಲಿ ಒಬ್ಬ ತನ್ನ ತಂಗಿಯನ್ನು ಕರೆದುಕೊಂಡು ಬಂದ. ಸಮಾಜ ಸುಧಾರಣೆಯ ಬಗ್ಗೆ ನಾನು ಎಷ್ಟೋ ವೇದಿಕೆಗಳಲ್ಲಿ ಮಾತಾಡಿದ್ದೇನೆ. ಅದು ಇಷ್ಟು ಬೇಗ ಆದದ್ದನ್ನು ಕಂಡದ್ದು ಆ ಕಟ್ಟೆಯ ಬಳಿ ಮಾತ್ರ.

ಚಪ್ಪಲಿಯ ಕ್ರಮ ಎಲ್ಲಿಂದ ಬಂತು ಎಂದು ಒಮ್ಮೆ ಕೇಳಿದೆ. ಅವರು ಆ ದಿನ ಪಾಠ ಮುಗಿಸಿ ದೋಣಿಯ ಅಂಚಿನಲ್ಲಿ ಕೂತಿದ್ದರು. ದೋಣಿ ನಡೆಸುತ್ತಿದ್ದ ಕಾಲದಲ್ಲಿ, ಕಕ್ಕಿಂಜೆಯ ಕಡೆಯಿಂದ ಸ್ನೇಹಿತರ ಗುಂಪೊಂದು ಸ್ನಾನಕ್ಕೆ ಬಂದಿತ್ತಂತೆ. ಅವರು ಹೊರಡುವಾಗ ದಡದಲ್ಲಿ ಒಂದು ಜೋಡಿ ಚಪ್ಪಲಿ ಉಳಿಯಿತು. ಐತಪ್ಪಣ್ಣ ವಿಚಾರಿಸಿದರು. ಅವನು ಮೊದಲೇ ಹೊರಟ, ಬಸ್ಸು ಹಿಡಿಯಲು ಓಡಿದ, ಎಂದು ಒಬ್ಬ ಹೇಳಿದ; ಉಳಿದವರು ಹೌದೆಂದರು. ಯಾರೂ ಸುಳ್ಳು ಹೇಳಲಿಲ್ಲ. ಪ್ರತಿಯೊಬ್ಬನೂ ಇನ್ನೊಬ್ಬನ ಮಾತನ್ನು ನಂಬಿದ್ದ. ಮರುದಿನ ಕೆಳಗಿನ ತಿರುವಿನಲ್ಲಿ ಆತನನ್ನು ನೀರಿನಿಂದ ಎತ್ತಿದ್ದು ಐತಪ್ಪಣ್ಣನೇ.

“ಬಾಯಿಮಾತು ನಂಬಿ ನಾನು ಮನೆಗೆ ಹೋದೆ,” ಎಂದರು. “ಹೋಗಿ ಊಟ ಮಾಡಿದೆ ಟೀಚರೇ. ಎರಡು ಸಲ ಬಡಿಸಿಕೊಂಡು.”

ಆ ಮೇಲೆ ಅವರು ಆ ಮಾತನ್ನು ಎತ್ತಲಿಲ್ಲ. ನಾನಾದರೋ ಅದನ್ನು ಎರಡು ಭಾಷಣಗಳಲ್ಲಿ ಬಳಸಿದೆ, ಚೆನ್ನಾಗಿಯೇ ಬಳಸಿದೆ.

ಟ್ರಯಾತ್ಲಾನಿನ ಸಿದ್ಧತೆ ಒಂದು ವರ್ಷ ನಡೆಯಿತು. ಭಾನುವಾರ ನದಿ, ವಾರದ ಮಧ್ಯೆ ಕಾಲೇಜು ಬಿಟ್ಟ ಮೇಲೆ ಸೈಕಲ್, ಬೆಳಿಗ್ಗೆ ಓಟ. ನಲವತ್ತು ದಾಟಿದ ಹೆಂಗಸು ಹೊಳೆ ಈಜಿ, ಸೈಕಲ್ ತುಳಿದು, ಓಡಿ ಮುಗಿಸುವುದು ಉಂಟಾ ಎಂದು ಸ್ವಂತ ಬಂಧುಗಳೇ ಕೇಳಿದ್ದರು. ಮುಗಿಸಿ ತೋರಿಸುತ್ತೇನೆ ಎಂದು ಸಭೆಯಲ್ಲಿ ಘೋಷಿಸಿಬಿಟ್ಟಿದ್ದೆ. ನಿಯಮಗಳನ್ನು ಬರೆದವಳೂ ನಾನೇ. ಹೆಸರಿಗೊಂದು ಸಂಖ್ಯೆ, ನೀರಿನಿಂದ ಬಂದವರಿಗೆ ಪಟ್ಟಿಯಲ್ಲಿ ಗುರುತು, ದಾರಿಯಲ್ಲಿ ವಾಹನ ಹತ್ತಿದವರ ಹೆಸರು ಪಟ್ಟಿಯಿಂದ ಹೊರಗೆ. ಚಪ್ಪಲಿಗಿಂತ ಪಟ್ಟಿ ಹೆಚ್ಚು ಶಾಸ್ತ್ರೀಯ ಎಂದು ಐತಪ್ಪಣ್ಣನಿಗೆ ವಿವರಿಸಿದೆ. ಅವರು ವಾದಕ್ಕೆ ಬರಲಿಲ್ಲ. ನಿಮ್ಮ ಪಟ್ಟಿ ನಿಮಗೆ ಇರಲಿ, ನನ್ನ ಚಪ್ಪಲಿ ನನಗೆ ಇರಲಿ ಎಂದು ಬಿಟ್ಟರು.

ಸ್ಪರ್ಧೆಯ ದಿನ ಮೂವತ್ತೊಂದು ಜನ ನೀರಿಗೆ ಇಳಿದೆವು. ನಮ್ಮಲ್ಲಿ ಒಂಬತ್ತು ಮಂದಿ ಹೆಂಗಸರು. ಮೆಟ್ಟಿಲ ತುಂಬ ಚಪ್ಪಲಿ. ಐತಪ್ಪಣ್ಣ ದೋಣಿಯಲ್ಲಿ ನಿಂತು, ಗಳ ಹಿಡಿದು ನಮ್ಮ ಜೊತೆಯೇ ಸಾಗಿದರು. ಅಂದು ನಾನು ಎಂದಿಗಿಂತ ಚೆನ್ನಾಗಿ ಈಜಿದೆ. ಅದೇ ಮೆಟ್ಟಿಲಿಗೆ ಮರಳಿ ಮೇಲೆ ಬಂದಾಗ ಬೆಳ್ತಂಗಡಿಯ ಶಿಕ್ಷಕಿಯೊಬ್ಬಳು ನನಗಿಂತ ಹತ್ತು ಹೆಜ್ಜೆ ಮುಂದಿದ್ದಳು. ಚಪ್ಪಲಿ ಮೆಟ್ಟಿಕೊಂಡು ಸೈಕಲಿನವರೆಗೆ ಹೋಗಿ, ಅಲ್ಲಿ ಶೂ ಹಾಕಿಕೊಳ್ಳುವುದೆಂದು ಐತಪ್ಪಣ್ಣ ಎಲ್ಲರಿಗೂ ಹೇಳಿದ್ದರು. ಆಕೆಯನ್ನು ಹಿಡಿಯುವ ಆತುರದಲ್ಲಿ ನಾನು ಬರಿಗಾಲಲ್ಲೇ ಓಡಿದೆ. ಪಟ್ಟಿಯಲ್ಲಿ ನನ್ನ ಸಂಖ್ಯೆಗೆ ಗುರುತು ಬಿತ್ತು. ಶೂ ಕಟ್ಟಿ ಸೈಕಲ್ ಹತ್ತಿದೆ. ಆ ದಿನಕ್ಕೆಂದೇ ಕೊಂಡ ಹೊಸ ನೀಲಿ ಹವಾಯಿ ಚಪ್ಪಲಿ ಮೆಟ್ಟಿಲ ಮೇಲೆ, ನದಿಗೆ ಮುಖ ಮಾಡಿಕೊಂಡು ಉಳಿಯಿತು.

ಸಿದ್ಧಕಟ್ಟೆ ಹತ್ತಿರವಾಗುತ್ತಿತ್ತು. ಬೆಳ್ತಂಗಡಿಯವಳನ್ನು ಏರಿನಲ್ಲಿ ಹಿಂದಿಕ್ಕಿದ ಹುರುಪಿನಲ್ಲಿದ್ದೆ. ಅಷ್ಟರಲ್ಲಿ ನನ್ನ ಸಹೋದ್ಯೋಗಿ ಪ್ರಮೀಳಾ ಸ್ಕೂಟರಿನಲ್ಲಿ ಬಂದು ಪಕ್ಕಕ್ಕೆ ಸೇರಿಕೊಂಡಳು. ಅವಳು ಪ್ರತಿಯೊಬ್ಬ ಸ್ಪರ್ಧಿಯ ಬಳಿಯೂ ಒಂದೇ ಪ್ರಶ್ನೆ ಕೇಳುತ್ತ ಬಂದಿದ್ದಳು.

“ನೀಲಿ ಹವಾಯಿ ನಿಮ್ಮದಾ?”

“ನನ್ನದೇ. ಯಾಕೆ?”

ಪಟ್ಟಿಯಲ್ಲಿ ಮೂವತ್ತೊಂದೂ ಸರಿಯಿತ್ತು. ಮೆಟ್ಟಿಲಲ್ಲಿ ಒಂದು ಜೋಡಿ ಉಳಿದಿತ್ತು. ನನ್ನ ಕಂದು ಚಪ್ಪಲಿಯಾಗಿದ್ದರೆ ಐತಪ್ಪಣ್ಣ ಗುರುತು ಹಿಡಿಯುತ್ತಿದ್ದರು. ಇದು ಯಾರದೆಂದು ಅವರಿಗೆ ತಿಳಿಯಲಿಲ್ಲ. ದೋಣಿಯಿಂದ ಹಾರಿ, ಮುಳುಗಿ ಮುಳುಗಿ ಹುಡುಕಲಾರಂಭಿಸಿದ್ದರು. ಪಟ್ಟಿ ತೋರಿಸಿದರೆ, ಟಿಕ್ ಹಾಕಿದವರು ನೀರಿನಲ್ಲಿ ಇರಲಿಲ್ಲ ಎಂದರಂತೆ. ಪ್ರಮೀಳಾ ಅಲ್ಲೇ ಗಾಡಿ ನಿಲ್ಲಿಸಿ ದಡಕ್ಕೆ ಫೋನ್ ಮಾಡಿ, ಚಪ್ಪಲಿ ನನ್ನದೆಂದು ತಿಳಿಸಿದಳು. ಆಚೆಯಿಂದ ಯಾರೋ ನದಿಯತ್ತ ಕೂಗಿದ್ದು ಕೇಳಿಸಿತು. ಸ್ವಲ್ಪ ಹೊತ್ತಿನಲ್ಲಿ ಉತ್ತರವೂ ಬಂತು.

“ಫೋನಿನಲ್ಲಿ ಎಲ್ಲರೂ ಬದುಕಿಯೇ ಇರ್ತಾರಂತೆ,” ಎಂದು ಪ್ರಮೀಳಾ ಹೇಳಿದಳು. “ಕಾಲು ಬಂದು ಚಪ್ಪಲಿ ಹಾಕಬೇಕಂತೆ. ಮೇಡಂ, ಅವರ ತುಟಿ ನೀಲಿಯಾಗಿದೆ. ಉಬ್ಬಸ ಉಂಟು ಅವರಿಗೆ. ಯಾರು ಹೇಳಿದರೂ ಕೇಳುದಿಲ್ಲ.”

ಮೊದಲು ನನಗೆ ಬಂದದ್ದು ಸಿಟ್ಟು. ಒಂದು ವರ್ಷದ ಶ್ರಮ, ಸಭೆಯಲ್ಲಿ ಆಡಿದ ಮಾತು, ಮುಂದೆ ತೆರೆದ ರಸ್ತೆ. ಸ್ಕೂಟರ್ ಹತ್ತಿದರೆ ನಾನೇ ಬರೆದ ನಿಯಮದಂತೆ ನನ್ನ ಹೆಸರು ಹೊರಗೆ. ಸೈಕಲಿನಲ್ಲೇ ಹಿಂದಕ್ಕೆ ಹೋದರೆ ಅಷ್ಟು ಹೊತ್ತೂ ಅವರು ಮುಳುಗುತ್ತಲೇ ಇರುತ್ತಾರೆ. ವಾದಕ್ಕೆ ಎರಡೂ ಕಡೆಯಿಂದ ಮಾತು ಹೊಳೆಯಿತು. ಆಮೇಲೆ ಎರಡು ಸಲ ಬಡಿಸಿಕೊಂಡ ಆ ಊಟ ನೆನಪಾಯಿತು. ಸೈಕಲನ್ನು ಒಂದು ಅಂಗಡಿಯ ಗೋಡೆಗೆ ಒರಗಿಸಿ ಸ್ಕೂಟರಿನ ಹಿಂದೆ ಕೂತೆ.

ಕಡವಿನಲ್ಲಿ ಜನ ಗುಂಪಾಗಿ ನಿಂತಿದ್ದರು. ನದಿಯ ನಡುವೆ ಅವರ ಬಿಳಿ ತಲೆ ಎದ್ದಿತು, ಒಂದು ಉಸಿರು ಎಳೆದು ಮತ್ತೆ ಮುಳುಗಿತು. ನಾನು ಶೂ ಕಳಚಿ, ಮೆಟ್ಟಿಲಿಗೆ ಇಳಿದು, ನೀಲಿ ಚಪ್ಪಲಿಯೊಳಗೆ ಪಾದ ತೂರಿಸಿ, ಅವರು ಏಳುವುದನ್ನು ಕಾದು ನಿಂತೆ. ಎದ್ದರು. ನೋಡಿದರು. ಮುಖವನ್ನಲ್ಲ, ಕಾಲನ್ನು. ಬಳಿಕ ಮೆಲ್ಲನೆ ದಡಕ್ಕೆ ಬಂದು ಕೆಳಗಿನ ಮೆಟ್ಟಿಲಿನಲ್ಲಿ ಕೂತು ಬಹಳ ಹೊತ್ತು ಉಸಿರಾಡಿದರು.

ನೀವು ಇಷ್ಟು ಹೊತ್ತು ತಪ್ಪು ಲೆಕ್ಕದ ಹಿಂದೆ ಬಿದ್ದಿರಿ, ಎಲ್ಲರೂ ಮೇಲೆ ಬಂದಿದ್ದರು ಎಂದು ಗುಂಪಿನಲ್ಲಿ ಒಬ್ಬರು ಹೇಳಿದರು. ಐತಪ್ಪಣ್ಣ ಬೈರಾಸಿನಿಂದ ಮುಖ ಒರೆಸಿದರು.

“ತಪ್ಪಾದದ್ದು ಒಳ್ಳೆದಾಯ್ತಲ್ಲ ಮಾರಾಯ್ರೆ. ಸರಿಯಾಗಿದ್ದರೆ ಎಂತ ಮಾಡ್ತಿದ್ರಿ?”

ನಾನು ಕ್ಷಮೆ ಕೇಳಲು ಆರಂಭಿಸಿದೆ. ಅದು ಭಾಷಣದ ದಾರಿ ಹಿಡಿಯುವುದು ಅವರಿಗೆ ತಿಳಿಯಿತು. ಮೊದಲು ತುಳುವಿನಲ್ಲಿ ಎರಡು ಮಾತು ಬಂತು, ಅದನ್ನು ಇಲ್ಲಿ ಬರೆಯಲಾರೆ. ಆಮೇಲೆ ಕನ್ನಡ: “ಸೈಕಲ್ ಅಲ್ಲೇ ಉಂಟಲ್ಲ? ಹೋಗಿ. ಮುಗಿಸ್ತೇನೆ ಅಂತ ಹೇಳಿದ್ದೀರಿ.”

ಪಟ್ಟಿಯಲ್ಲಿ ಹೆಸರಿಲ್ಲ ಎಂದೆ. ಹೆಸರು ಇಲ್ಲದಿದ್ದರೆ ಕಾಲು ಇಲ್ಲವಾ ಎಂದರು.

ಪ್ರಮೀಳಾಳ ಸ್ಕೂಟರಿನಲ್ಲಿ ಮರಳಿ, ಬಿಟ್ಟ ಜಾಗದಿಂದಲೇ ಸೈಕಲ್ ತುಳಿದೆ. ಮೂಡುಬಿದಿರೆ ತಲುಪಿದಾಗ ಓಟದ ದಾರಿಯ ಬಾವುಟಗಳನ್ನು ಬಿಚ್ಚುತ್ತಿದ್ದರು. ಓಡಲೆಂದು ಸೈಕಲಿನಿಂದ ಇಳಿದಾಗಷ್ಟೇ ಕಾಲಿನಲ್ಲಿ ಹವಾಯಿ ಚಪ್ಪಲಿ ಇರುವುದು ಗಮನಕ್ಕೆ ಬಂತು. ಶೂ ಕಡವಿನಲ್ಲೇ ಉಳಿದಿತ್ತು. ಐದು ಕಿಲೋಮೀಟರನ್ನೂ ಆ ಚಪ್ಪಲಿಯಲ್ಲೇ, ಪಟಪಟ ಸದ್ದು ಮಾಡುತ್ತ ಓಡಿದೆ. ಅಂಗಡಿಯವರು ಹೊರಬಂದು ನಕ್ಕರು. ಕೊನೆಯ ತಿರುವಿನಲ್ಲಿ ಕೆಲವರು ಚಪ್ಪಾಳೆಯನ್ನೂ ತಟ್ಟಿದರು. ಬೆಳ್ತಂಗಡಿಯ ಶಿಕ್ಷಕಿ ಬಹುಮಾನ ಪಡೆದೂ ಹೋಗದೆ ಕಾದಿದ್ದಳು. ಮುಕ್ತಾಯದ ಗೆರೆಯ ಬಳಿ, ಒಣ ಶರ್ಟು ತೊಟ್ಟು, ಬಸ್ಸಿನಲ್ಲಿ ಬಂದಿಳಿದ ಐತಪ್ಪಣ್ಣ ನಿಂತಿದ್ದರು. ಕೈಯಲ್ಲಿ ಒಂದು ಪ್ಲಾಸ್ಟಿಕ್ ಚೀಲ.

“ಟೀಚರೇ, ಪುನಃ ಒಂದು ಜೋಡಿ ಬಿಟ್ಟಿದ್ದೀರಿ,” ಎಂದು ಚೀಲವನ್ನು ಚಾಚಿದರು. “ಈ ಸಲ ನೀವು ಹೋದದ್ದನ್ನು ಕಣ್ಣಾರೆ ಕಂಡಿದ್ದೇನೆ. ಇಲ್ಲದಿದ್ದರೆ ಈಗಲೂ ನಾನು ಅಲ್ಲೇ ಇರ್ತಿದ್ದೆ.”

ಇನ್ನೊಬ್ಬರ ಪಾದರಕ್ಷೆಯನ್ನು ಅವರು ಕೈಯಲ್ಲಿ ಹಿಡಿದದ್ದನ್ನು ನಾನು ಕಂಡದ್ದು ಅದೊಂದೇ ಸಲ.

ಮುಂದಿನ ಮಳೆಗಾಲದಲ್ಲಿ ಅವರು ತೀರಿಕೊಂಡರು. ಶ್ವಾಸಕೋಶದ ಹಳೆಯ ಕಾಯಿಲೆ. ಆ ದಿನದ ಮುಳುಗುವಿಕೆಗೂ ಅದಕ್ಕೂ ಸಂಬಂಧವಿಲ್ಲ ಎಂದು ವೈದ್ಯರು ಹೇಳಿದರು. ನಾನು ಎರಡು ಬಾರಿ ಕೇಳಿದೆ. ಅವರನ್ನು ಕೊನೆಯದಾಗಿ ನೋಡಲು ಹೋದ ದಿನ ಮನೆಯ ಅಂಗಳದಲ್ಲಿ ಚಪ್ಪಲಿಗಳು ರಸ್ತೆಯವರೆಗೂ ಹರಡಿದ್ದವು. ಅವರಿಂದ ಈಜು ಕಲಿತವರೆಲ್ಲ, ಯಾರೂ ಹೇಳದೆಯೇ, ತಮ್ಮ ಜೋಡಿಗಳನ್ನು ಒಂದೇ ದಿಕ್ಕಿಗೆ ಮುಖ ಮಾಡಿ ಬಿಟ್ಟಿದ್ದರು. ಸಂಜೆ ಜನ ಕರಗಿದ ಮೇಲೆ ನಾನು ನನ್ನದನ್ನು ಮೆಟ್ಟಿಕೊಂಡೆ. ಜಗಲಿಯ ಮೂಲೆಯಲ್ಲಿ, ಬಲಗಡೆ ಹೆಚ್ಚು ಸವೆದ ಒಂದು ಜೋಡಿ ಉಳಿಯಿತು. ಲೆಕ್ಕ ಮುಗಿಯದೆ ಹೊರಡಬಾರದೆಂದು ಕಲಿಸಿದವರ ಮನೆಯಿಂದ ಹೊರಡುವುದು ಸುಲಭವಿರಲಿಲ್ಲ.

ಟ್ರಯಾತ್ಲಾನ್ ನಿಂತಿಲ್ಲ. ನಿಯಮಗಳ ಹಾಳೆಯಲ್ಲಿ ಈಗ ಪಟ್ಟಿಗಿಂತ ಮೊದಲು ಚಪ್ಪಲಿ ಇದೆ. ಭಾನುವಾರದ ಪಾಠವನ್ನು ಬೆಳ್ತಂಗಡಿಯ ಆ ಶಿಕ್ಷಕಿಯೂ ನಾನೂ ನಡೆಸುತ್ತಿದ್ದೇವೆ. ಕಲಿಯಲು ಬರುವ ಹೆಣ್ಣುಮಕ್ಕಳಿಗೆ ಮೆಟ್ಟಿಲು ಸಾಲದಾಗಿದೆ. ಈಜುವವರು ನಮಗೆ ಬೇಕಾದಷ್ಟು ಇದ್ದಾರೆ. ಕಡಿಮೆಯಿರುವುದು ದಡದಲ್ಲಿ ನಿಲ್ಲುವವರು. ಈಜು ಬಾರದವರೂ ಮಾಡಬಹುದಾದ ಕೆಲಸ ಅದು. ಬರುವ ಭಾನುವಾರ ಬೆಳಿಗ್ಗೆ ಏಳು ಗಂಟೆಗೆ ಕಡವಿಗೆ ಬನ್ನಿ. ಮೆಟ್ಟಿಲ ಮೇಲೆ ಎಷ್ಟು ಜೋಡಿ ಇವೆಯೆಂದು ಎಣಿಸಿ, ಕೊನೆಯ ಜೋಡಿಗೆ ಕಾಲು ಬರುವ ತನಕ ಅಲ್ಲೇ ನಿಲ್ಲಿ.