ಅತಿಥಿ ಪುಸ್ತಕದ ನಾಲ್ಕು ಸಾಲು

ದೆವ್ವ, ಶಕುನ, ಕನಸಿನಲ್ಲಿ ಯಾರೋ ಬಂದು ಹೇಳಿದ್ದು, ಇಂಥವನ್ನು ನಾನು ಯಾವತ್ತೂ ನಂಬಿದವನಲ್ಲ. ಡಿಪ್ಲೊಮಾ ಓದುವಾಗ ಹಾಸ್ಟೆಲಿನ ಹುಡುಗರು ಹಿತ್ತಲ ಬಾವಿಯ ಬಗ್ಗೆ ಏನೇನೋ ಕಥೆ ಕಟ್ಟಿದ್ದರು. ನಾನು ದಿನಾ ಅದೇ ಬಾವಿಯ ಕಟ್ಟೆಯ ಮೇಲೆ ಕೂತು ಹಲ್ಲುಜ್ಜುತ್ತಿದ್ದೆ. ಈಗಿನ ನನ್ನ ಕೆಲಸವೂ ಕಾರಣ ಹುಡುಕುವ ಕೆಲಸವೇ. ಜರ್ಮನಿಯ ಎರ್ಲಾಂಗೆನ್‌ನ ಒಂದು ಕಾರ್ಖಾನೆಯಲ್ಲಿ ಆಸ್ಪತ್ರೆಯ ಯಂತ್ರಗಳನ್ನು ಜೋಡಿಸುತ್ತೇನೆ. ಒಂದು ತಿರುಪು ಸಡಿಲವಾಗಿದ್ದರೆ, ಯಾಕೆ ಸಡಿಲವಾಯಿತು ಎಂದು ತಿಳಿಯುವವರೆಗೆ ಆ ಯಂತ್ರ ಹೊರಗೆ ಹೋಗುವುದಿಲ್ಲ. ಆದ್ದರಿಂದ ಈಗ ಬರೆಯುತ್ತಿರುವುದನ್ನು ನೀವು ನಂಬಲೇಬೇಕೆಂದು ನಾನು ಒತ್ತಾಯಿಸುವುದಿಲ್ಲ. ಬೇರೆ ಯಾರಾದರೂ ಹೇಳಿದ್ದರೆ ನಾನೇ ನಂಬುತ್ತಿರಲಿಲ್ಲ.

ಕಿಶೋರ ಮತ್ತು ನಾನು ಎರ್ಲಾಂಗೆನ್‌ನಲ್ಲಿ ಏಳು ವರ್ಷ ಒಂದೇ ಮನೆಯಲ್ಲಿದ್ದೆವು. ಕೊನೆಗೆ ಆ ಊರಿನ ಕಚೇರಿಯಲ್ಲಿ, ಕನ್ನಡಕ ಹಾಕಿದ ಒಬ್ಬ ಹೆಂಗಸಿನ ಮುಂದೆ ಇಬ್ಬರೂ ಸಹಿ ಹಾಕಿ ಮದುವೆಯಾದೆವು. ಕಾರ್ಖಾನೆಯಲ್ಲಿ ಎಲ್ಲರಿಗೂ ಗೊತ್ತಿತ್ತು. ಕೆಳಗಿನ ಮನೆಯ ಅಜ್ಜಿಗೂ ಗೊತ್ತಿತ್ತು. ಅವನು ನನಗೆ ಏನಾಗಬೇಕು ಎಂದು ಜರ್ಮನ್‌ನಲ್ಲಿ ಕೇಳಿದರೆ ತಡವರಿಸದೆ ಹೇಳುತ್ತಿದ್ದೆ. ಇಂಗ್ಲಿಷಿನಲ್ಲೂ ಹೇಳುತ್ತಿದ್ದೆ. ಕನ್ನಡದಲ್ಲಿ ಕೇಳಿದರೆ ಮಾತ್ರ ನನ್ನ ಬಾಯಿಂದ ಬರುತ್ತಿದ್ದುದು ಒಂದೇ ಪದ: ರೂಮ್‌ಮೇಟ್. ಊರಿಗೆ ಫೋನ್ ಮಾಡಿದಾಗಲೂ ಅದೇ, ಇಲ್ಲಿನ ಕನ್ನಡದವರು ಯುಗಾದಿಗೆ ಸೇರಿದಾಗಲೂ ಅದೇ. ಕಿಶೋರ ಪಕ್ಕದಲ್ಲಿ ನಿಂತು ತಲೆಯಾಡಿಸುತ್ತಿದ್ದ. ಅವನೂ ಬೆಂಗಳೂರಿನಲ್ಲಿದ್ದ ತನ್ನ ಅಕ್ಕ ಶೈಲಾಗೆ ಹೇಳಿರಲಿಲ್ಲ. ಆದರೆ ಅವನು ಹೇಳದೆ ಇದ್ದದ್ದು ನನಗೋಸ್ಕರ, ನಾನು ಬೇಡ ಅಂದಿದ್ದಕ್ಕೆ.

ಮದುವೆಯಾಗಿ ಒಂದು ವರ್ಷವಾದಾಗ, ಜೂನ್ ತಿಂಗಳಲ್ಲಿ, ನಾಲ್ಕು ದಿನ ರಜೆ ಹಾಕಿ ಬರ್ಲಿನ್‌ಗೆ ಹೋದೆವು. ಅಷ್ಟು ವರ್ಷ ಈ ದೇಶದಲ್ಲಿದ್ದರೂ ಇಬ್ಬರೂ ಬರ್ಲಿನ್ ನೋಡಿರಲಿಲ್ಲ. ಕಿಶೋರ ಗಿಳಿಗಳ ಚಿತ್ರವಿದ್ದ ಕಿತ್ತಳೆ ಬಣ್ಣದ ಅಂಗಿ ಹಾಕಿಕೊಂಡು ರೈಲು ಹತ್ತಿದ. ಚೀಲದಲ್ಲಿ ಒಂದು ಡಬ್ಬಿ ಶೇಂಗಾ ಚಟ್ನಿಪುಡಿ ಇತ್ತು. ಅವನು ಅದನ್ನು ಆಲೂಗೆಡ್ಡೆ ಫ್ರೈಸ್ ಮೇಲೆ ಉದುರಿಸಿಕೊಂಡು ತಿನ್ನುವುದನ್ನು ಅಂಗಡಿಯವನು ಕುತೂಹಲದಿಂದ ನೋಡಿದ. ಕಿಶೋರ ಅವನಿಗೂ ಒಂದು ಚಿಟಿಕೆ ಕೊಟ್ಟ. ಅವನು ಕೆಮ್ಮಿ, ಕಣ್ಣೊರೆಸಿಕೊಂಡು, ಇನ್ನೊಂದು ಚಿಟಿಕೆ ಕೇಳಿದ.

ದೊಡ್ಡ ಕಮಾನು ನೋಡಿದೆವು, ಒಡೆದ ಗೋಡೆಯ ಉಳಿದ ತುಂಡು ನೋಡಿದೆವು, ನದಿಯಲ್ಲಿ ದೋಣಿ ಹತ್ತಿ ಬಿಸಿಲಿಗೆ ಮೂಗು ಸುಟ್ಟುಕೊಂಡೆವು. ಮೊದಲ ರಾತ್ರಿ ಒಂದು ಕಡೆ ಕುಣಿಯಲು ಹೋದೆವು. ನನಗೆ ಕುಣಿಯಲು ಬರುವುದಿಲ್ಲ. ಗೋಡೆಗೆ ಒರಗಿ ಅವನ ಜಾಕೆಟ್ ಹಿಡಿದುಕೊಂಡು ನಿಂತಿದ್ದೆ. ಜೀವನದಲ್ಲಿ ಅಷ್ಟು ಸಂತೋಷವಾಗಿ ಯಾರ ಜಾಕೆಟನ್ನೂ ಹಿಡಿದುಕೊಂಡಿರಲಿಲ್ಲ.

ಪರದೇಶದಲ್ಲಿರುವ ಕನ್ನಡದವರೆಲ್ಲ ಮಾಡುವ ಒಂದು ತಪ್ಪಿದೆ. ಸುತ್ತಲಿನ ಯಾರಿಗೂ ಅರ್ಥವಾಗುವುದಿಲ್ಲ ಎಂದುಕೊಂಡು ಬಾಯಿಗೆ ಬಂದಿದ್ದನ್ನು ಜೋರಾಗಿ ಮಾತಾಡುತ್ತೇವೆ. ಎರಡನೆಯ ದಿನ ಟಿವಿ ಗೋಪುರದ ಕೆಳಗೆ ಸಾಲಿನಲ್ಲಿ ನಿಂತಿದ್ದಾಗ ಕಿಶೋರ ನನ್ನ ಕೈ ಹಿಡಿದುಕೊಂಡು, ಮುಂದಿದ್ದ ಸೆಲ್ಫಿ ಕೋಲಿನ ಗಂಡಸನ್ನು ತೋರಿಸಿ, "ಆ ಮಾಮನ್ನ ನೋಡು ಗುರು, ಕೋಲು ಹಿಡ್ಕೊಂಡು ದನ ಮೇಯ್ಸೋಕೆ ಬಂದಂಗಿದಾರೆ," ಎಂದ.

ಅವರ ಪಕ್ಕದ ಹೆಂಗಸು ತಿರುಗಿ ನಕ್ಕರು. "ಆ ಮಾಮ ನಮ್ಮನೆಯವ್ರೇ ಕಣಪ್ಪಾ! ಮೈಸೂರಿಂದ ಇಲ್ಲೀವರ್ಗೂ ಆ ಕೋಲು ಬಿಟ್ಟಿಲ್ಲ. ನೀವು ಯಾವೂರು?"

ನಾನು ಆಗಲೇ ಕೈ ಬಿಡಿಸಿಕೊಂಡಿದ್ದೆ. ಹಿರಿಯೂರು ಎಂದೆ. ಅವರು ಕಿಶೋರನ ಕಡೆ ನೋಡಿ, "ಇವ್ರು?" ಎಂದು ಕೇಳಿದರು.

"ರೂಮ್‌ಮೇಟ್," ಎಂದೆ.

ಅವರು ಬಹಳ ಒಳ್ಳೆಯವರು. ನಮಗೆ ಒಂದೊಂದು ಕೋಡುಬಳೆ ಕೊಟ್ಟು ಹೋದರು. ಕಿಶೋರ ಆಮೇಲೆ ದಿನವಿಡೀ ನನ್ನನ್ನು ಕಾಡಿಸಿದ. ಊಟಕ್ಕೆ ಕೂತಾಗ, "ರೂಮ್‌ಮೇಟ್ ಅವ್ರೇ, ಸ್ವಲ್ಪ ಉಪ್ಪು ಈ ಕಡೆ ಕೊಡ್ತೀರಾ?" ಟ್ರೇನಿನಲ್ಲಿ, "ರೂಮ್‌ಮೇಟ್ ಅವ್ರೇ, ನಿಮ್ಮ ಸ್ಟಾಪ್ ಬಂತು." ನಾನೂ ನಕ್ಕೆ. ಆದರೆ ಸಂಜೆ ನದಿಯ ಬದಿ ನಡೆಯುವಾಗ ಅವನು ಕಾಡಿಸುವುದನ್ನು ನಿಲ್ಲಿಸಿದ. ನನ್ನ ಕಡೆ ತಿರುಗಿ ಹೇಳಿದ: "ಆ ಆಂಟಿ ಎಷ್ಟು ಸಲೀಸಾಗಿ ಅಂದ್ರು ನೋಡು, ನಮ್ಮನೆಯವ್ರು ಅಂತ. ನಂಗೆ ಹೊಟ್ಟೆಕಿಚ್ಚಾಯ್ತು ಮಗಾ. ಊರಿಗೆಲ್ಲ ಹೇಳು ಅಂತಿಲ್ಲ. ಒಂದೇ ಒಂದ್ಸಲ ಕನ್ನಡದಲ್ಲಿ ಹೇಳು. ನನ್ ಕಿವಿಗೆ ಬಿದ್ರೆ ಸಾಕು."

ನಾನು ಪ್ರಯತ್ನಿಸಿದೆ. ನಿಜವಾಗಿ ಪ್ರಯತ್ನಿಸಿದೆ. ಆ ಪದವನ್ನು ನಾನು ಕೇಳಿದ್ದೆಲ್ಲ ಅಮ್ಮ, ಅತ್ತೆ, ಚಿಕ್ಕಮ್ಮಂದಿರ ಬಾಯಲ್ಲಿ. ನಾನು ಅದನ್ನು ಹೇಳಿದರೆ ಅವರೆಲ್ಲ ಅಡುಗೆಮನೆಯಿಂದ ತಿರುಗಿ ನೋಡುತ್ತಾರೆ ಅನ್ನಿಸಿತು. "ಬಾ, ಹಸಿವಾಗ್ತಿದೆ," ಎಂದುಬಿಟ್ಟೆ. ಆಗಷ್ಟೇ ಊಟವಾಗಿತ್ತು.

ಅಲ್ಲಿಂದ ನಾವು ಹೋದದ್ದು ಶೋನೆಬೆರ್ಗ್ ಎಂಬ ಬಡಾವಣೆಗೆ. ಅಲ್ಲಿ ನಮ್ಮಂಥವರ ಬಾರ್‌ಗಳು ಸಾಲಾಗಿವೆ, ಕಿಟಕಿಗಳಲ್ಲಿ ಏಳು ಬಣ್ಣದ ಬಾವುಟಗಳಿವೆ. ಒಂಬತ್ತು ಗಂಟೆಯಾದರೂ ಇನ್ನೂ ಬೆಳಕಿತ್ತು. ಮೂಲೆಯಲ್ಲಿದ್ದ ಒಂದು ಚಿಕ್ಕ ಬಾರನ್ನು ಕಿಶೋರನೇ ಆರಿಸಿದ. ಕಾರಣ, ಬಾಗಿಲಲ್ಲಿ ಒಂದು ದಪ್ಪ ನಾಯಿ ಮಲಗಿತ್ತು. ಬಾಗಿಲಲ್ಲೇ ನಮ್ಮ ಫೋನುಗಳ ಕ್ಯಾಮರಾಗೆ ಒಂದೊಂದು ಚೀಟಿ ಅಂಟಿಸಿದರು. ಒಳಗೆ ಫೋಟೊ ತೆಗೆಯುವಂತಿಲ್ಲ, ಅಲ್ಲಿನ ಪದ್ಧತಿ ಹಾಗೆ. ಇದನ್ನು ಯಾಕೆ ಹೇಳುತ್ತಿದ್ದೇನೆಂದರೆ, ಮುಂದೆ ನಡೆದದ್ದಕ್ಕೆ ನನ್ನ ಬಳಿ ಒಂದು ಚಿತ್ರವೂ ಇಲ್ಲ.

ಬಾರಿನ ಮಾಲೀಕ ಊವೆ ಎಂಬ ಮುದುಕ. ನನ್ನನ್ನು ಕಂಡ ಕೂಡಲೇ ಎರಡೂ ಕೈ ಮೇಲೆತ್ತಿ, ಮತ್ತೆ ಬಂದಿರಲ್ಲ, ಸಂತೋಷವಾಯಿತು ಎಂದ. ನಾವು ಮೊದಲ ಸಲ ಬರುತ್ತಿರುವುದು ಎಂದೆ. ಅವನು ಒಪ್ಪಲಿಲ್ಲ. ನೀವು ಪುಸ್ತಕದಲ್ಲಿ ಬರೆದು ಹೋಗಿದ್ದೀರಿ, ಅಂಥ ಗುಂಡು ಗುಂಡು ಅಕ್ಷರ ಇಲ್ಲಿ ಬೇರೆ ಯಾರೂ ಬರೆದಿಲ್ಲ ಎಂದ. "ಇವ್ನಿಗೆ ಕಂದು ಬಣ್ಣದೋರೆಲ್ಲ ಒಂದೇ ಥರ ಕಾಣ್ತೀವಿ," ಎಂದು ಕಿಶೋರ ನಕ್ಕ. ಊವೆ, ಬಂದವರು ಬರೆಯುವ ಅತಿಥಿ ಪುಸ್ತಕವನ್ನು ಕಪಾಟಿನಿಂದ ತಂದು, ಹಾಳೆ ತಿರುವಿ, ನಮ್ಮ ಮುಂದಿಟ್ಟ.

ಎಷ್ಟೋ ಹಾಳೆಗಳ ಹಿಂದೆ, ಬಿಯರ್ ಲೋಟದ ಉಂಗುರದ ಕಲೆಯ ಪಕ್ಕದಲ್ಲಿ, ಕನ್ನಡದಲ್ಲಿ ನಾಲ್ಕು ಸಾಲುಗಳಿದ್ದವು. ನೀಲಿ ಶಾಯಿ ಮಾಸಿತ್ತು. ಅದು ನನ್ನ ಕೈಬರಹ.

ಅಕ್ಷರ ಹೋಲುತ್ತಿತ್ತು ಎಂದಷ್ಟೇ ಹೇಳುತ್ತಿಲ್ಲ. ನಾನು ಪದವನ್ನು ಪೂರ್ತಿ ಬರೆದ ಮೇಲೆ ತಲಕಟ್ಟುಗಳನ್ನೆಲ್ಲ ಒಟ್ಟಿಗೆ ಹಾಕುತ್ತೇನೆ. ಎರಡನೇ ಕ್ಲಾಸಿನ ಮೇಷ್ಟ್ರಿಂದ ಬಂದ ಕೆಟ್ಟ ಅಭ್ಯಾಸ. ಹಾಗಾಗಿ ಅವು ಅಕ್ಷರದಿಂದ ಸ್ವಲ್ಪ ಬಿಟ್ಟು ಮೇಲೆ ನಿಂತಿರುತ್ತವೆ. ಆ ಪುಸ್ತಕದಲ್ಲೂ ಹಾಗೆಯೇ ಇದ್ದವು.

ಕಿಶೋರನಿಗೆ ಕನ್ನಡ ಓದಲು ಬರುತ್ತಿರಲಿಲ್ಲ. ಅವನ ಅಪ್ಪ ರೈಲ್ವೆಯಲ್ಲಿದ್ದವರು. ಝಾನ್ಸಿ, ನಾಗಪುರ ಎಂದು ಊರೂರು ಸುತ್ತಿ ಅವನು ಹಿಂದಿಯಲ್ಲಿ ಕಲಿತವನು. ಅಜ್ಜಿಯ ಮನೆಯಲ್ಲಿ ಬೆಳೆದ ಅಕ್ಕನಿಗೆ ಮಾತ್ರ ಕನ್ನಡ ಓದು ಬರಹ ಇತ್ತು. "ಏನ್ ಬರ್ದಿದೆ? ಓದು," ಎಂದ.

ಆ ಬಾರಿನಲ್ಲಿ ಅದನ್ನು ಓದಬಲ್ಲವನು ನಾನೊಬ್ಬನೇ. "ಬಿಯರ್ ಚೆನ್ನಾಗಿದೆ, ಜನ ಒಳ್ಳೆಯವರು ಅಂತ ಬರ್ದಿದೆ," ಎಂದೆ.

ಅವನು ಪುಸ್ತಕವನ್ನು ತನ್ನ ಕಡೆ ಎಳೆದುಕೊಂಡ. "ಟೋಪಿ ಹಾರಿದ ಅಕ್ಷರ. ನಮ್ಮನೆ ಫ್ರಿಜ್ ಮೇಲೆ ಎಂಟು ವರ್ಷದಿಂದ ನೋಡ್ತಿದೀನಿ. ಇದು ನೀನು ಬರ್ದಿರೋದು." ಆಮೇಲೆ ನಗುತ್ತಲೇ ಕೇಳಿದ: "ಯಾವನ್ ಜೊತೆ ಬಂದಿದ್ದೆ ಮಗಾ?" ತುಟಿ ನಗುತ್ತಿತ್ತು. ಕಣ್ಣು ಉತ್ತರಕ್ಕೆ ಕಾಯುತ್ತಿತ್ತು.

ಇನ್ನು ಸುಳ್ಳು ಹೇಳಿದರೆ ಅವನನ್ನು ಕಳೆದುಕೊಳ್ಳುತ್ತೇನೆ ಅನ್ನಿಸಿತು. ಸಾಲಿನ ಕೆಳಗೆ ಬೆರಳಿಟ್ಟು, ಶಾಲೆಯ ಹುಡುಗನಂತೆ ಓದಿದೆ.

"ಇವರು ಕಿಶೋರ. ನಮ್ಮನೆಯವರು. ರೂಮ್‌ಮೇಟ್ ಅಲ್ಲ. ಅಕ್ಕನಿಗೂ ಹೇಳಿದೆ."

ನನ್ನ ಧ್ವನಿ ನನಗೇ ಗುರುತು ಸಿಗಲಿಲ್ಲ. ಕಿಶೋರ ಆ ಸಾಲುಗಳ ಮೇಲೆ ಬೆರಳಾಡಿಸಿದ. ಆಮೇಲೆ, "ಬಹುವಚನ ಬೇರೆ!" ಎಂದು ಮೂಗೊರೆಸಿಕೊಂಡ. "ಇನ್ನೊಂದ್ಸಲ ಓದು." ಓದಿದೆ. "ಇನ್ನೊಂದ್ಸಲ." ಮೂರನೆಯ ಸಲ ಪುಸ್ತಕ ನೋಡದೆ, ಅವನ ಮುಖ ನೋಡಿ ಹೇಳಿದೆ. ಏನೆಂದು ತಿಳಿಯದಿದ್ದರೂ ಊವೆ ಚಪ್ಪಾಳೆ ತಟ್ಟಿದ. ಪಕ್ಕದ ಮೇಜಿನವರೂ ತಟ್ಟಿದರು. ನಾಯಿ ಎದ್ದು ಬೊಗಳಿತು.

ಕೋಣೆಗೆ ಮರಳುವಾಗ ಇಬ್ಬರೂ ತಲೆ ಕೆಡಿಸಿಕೊಂಡೆವು. ನೀನೇ ಯಾರಿಂದಲೋ ಬರೆಸಿದ್ದೀಯ ಎಂದು ನಾನು, ನೀನೇ ಮೊದಲೇ ಬಂದು ಬರೆದಿಟ್ಟಿದ್ದೀಯ ಎಂದು ಅವನು. ಆದರೆ ಆ ಆಂಟಿ ನಮಗೆ ಸಿಕ್ಕಿದ್ದು ಅದೇ ಬೆಳಿಗ್ಗೆ. ಆ ಬಾರನ್ನು ಆರಿಸಿದ್ದು ನಾಯಿಯನ್ನು ನೋಡಿ. ಕೊನೆಯ ಸಾಲಂತೂ ಇಬ್ಬರಿಗೂ ಅರ್ಥವಾಗಲಿಲ್ಲ. ನನಗೆ ಅಕ್ಕ ಇಲ್ಲ, ಇಬ್ಬರು ತಮ್ಮಂದಿರಷ್ಟೇ. "ನಮ್ಮಕ್ಕನಿಗೆ ನೀನು ಹೇಳೋದಾ? ನಂಗೇ ಹೇಳ್ಬೇಡ ಅಂದೋನು!" ಎಂದು ಕಿಶೋರ ರಸ್ತೆಯ ಮಧ್ಯೆ ನಿಂತು ನಕ್ಕ. ಅವನು ಆ ರಾತ್ರಿ ನಿದ್ದೆಯಲ್ಲೂ ನಗುತ್ತಿದ್ದಂತೆ ನನಗೆ ನೆನಪು.

ಎರಡು ಚಳಿಗಾಲ ಕಳೆದ ಮೇಲೆ ಕಿಶೋರ ತೀರಿಕೊಂಡ. ಕೆಲಸಕ್ಕೆ ಸೈಕಲ್‌ನಲ್ಲಿ ಹೋಗುತ್ತಿದ್ದವನು ಎದೆ ಹಿಡಿದುಕೊಂಡು ಕುಸಿದ. ಆಸ್ಪತ್ರೆಗೆ ನಾನು ತಲುಪುವಷ್ಟರಲ್ಲಿ ಮುಗಿದಿತ್ತು. ಅದರ ಬಗ್ಗೆ ಇಷ್ಟೇ ಬರೆಯಬಲ್ಲೆ.

ಶೈಲಕ್ಕ ಬೆಂಗಳೂರಿನಿಂದ ಬಂದರು. ಮೂರನೆಯ ದಿನ ನಮ್ಮ ಅಡುಗೆಮನೆಯಲ್ಲಿ ಲೋಟ ತೊಳೆಯುತ್ತಾ, "ನೀನೂ ಪಾಪ, ರೂಮ್‌ಮೇಟ್ ಆಗಿ ಎಷ್ಟು ಓಡಾಡ್ತಿದೀಯ," ಎಂದರು. ನಾನು ಗೋಡೆಯ ಮೇಲಿದ್ದ ಅವನ ಫೋಟೊ ಕಡೆ ಕೈ ತೋರಿಸಿ ಹೇಳಿದೆ. ಯೋಚನೆ ಮಾಡಿ ಹೇಳಿದ್ದಲ್ಲ, ತಾನಾಗಿ ಬಂತು. "ಇವರು ಕಿಶೋರ. ನಮ್ಮನೆಯವರು. ರೂಮ್‌ಮೇಟ್ ಅಲ್ಲ." ಹೇಳಿ ಮುಗಿದ ಮೇಲೆ ಆ ಪುಸ್ತಕದ ನಾಲ್ಕನೆಯ ಸಾಲು ನೆನಪಾಯಿತು: ಅಕ್ಕನಿಗೂ ಹೇಳಿದೆ.

ಅಕ್ಕ ನಲ್ಲಿ ನಿಲ್ಲಿಸಿದರು. ಕೈ ಒರೆಸಿಕೊಂಡು, ತಟ್ಟೆಗೆ ಅನ್ನ ಹಾಕಿ, ಮೊಸರು ಕಲಸಿ ನನ್ನ ಮುಂದಿಟ್ಟರು. "ಮೊದ್ಲು ಊಟ ಮಾಡು. ಮೂರು ದಿನದಿಂದ ನೋಡ್ತಿದೀನಿ, ಏನೂ ತಿಂದಿಲ್ಲ ನೀನು," ಎಂದರು. ಅಷ್ಟೇ.

ಕಳೆದ ಬೇಸಿಗೆಯಲ್ಲಿ ಅವರು ಮತ್ತೆ ಬಂದಾಗ ಬರ್ಲಿನ್‌ನ ಕಥೆ ಪೂರ್ತಿ ಹೇಳಿದೆ. ಹೋಗಿ ನೋಡಲೇಬೇಕು ಎಂದರು. ಕಾಟನ್ ಸೀರೆ, ಸ್ಪೋರ್ಟ್ಸ್ ಶೂ, ಕೈಯಲ್ಲಿ ಕೊಡೆ ಹಿಡಿದು ಅವರು ಆ ಬಾರಿನೊಳಗೆ ಕಾಲಿಟ್ಟಾಗ ಊವೆ ಎದ್ದು ನಿಂತು ಕುರ್ಚಿ ಎಳೆದುಕೊಟ್ಟ. ಅಕ್ಕ ಸೇಬಿನ ರಸ ತರಿಸಿಕೊಂಡು, ಸುತ್ತಲಿನ ಗಂಡಸರನ್ನೆಲ್ಲ ನೋಡಿ, "ಎಷ್ಟು ಚೆನ್ನಾಗಿ ಇಸ್ತ್ರಿ ಮಾಡ್ಕೊಂಡು ಬಂದಿದಾರೆ ಎಲ್ಲಾ," ಎಂದರು.

ಪುಸ್ತಕ ಬಂತು. ಆ ಹಾಳೆ ಇತ್ತು. ಉಂಗುರದ ಕಲೆಯೂ ಇತ್ತು. ಅಕ್ಕ ಕನ್ನಡಕ ಏರಿಸಿ ನಾಲ್ಕೂ ಸಾಲನ್ನು ನಿಧಾನವಾಗಿ, ಗಟ್ಟಿಯಾಗಿ ಓದಿದರು. ಅಂದರೆ ನಾನು ಅಂದು ಓದಿದ್ದು ನನ್ನ ಭ್ರಮೆಯಾಗಿರಲಿಲ್ಲ.

"ನಿಂದೇ ಅಕ್ಷರ ಕಣೋ. ಯಾವಾಗ ಬರ್ದೆ?"

"ನಾನು ಬರೆದಿಲ್ಲ ಅಕ್ಕ."

ಅವರು ನನ್ನನ್ನು ನೋಡಿದರು, ಹಾಳೆ ನೋಡಿದರು, ವಾದ ಮಾಡಲಿಲ್ಲ. ಕೈಚೀಲದಿಂದ ಪೆನ್ನು ತೆಗೆದು ಆ ಸಾಲುಗಳ ಕೆಳಗೆ ಒಂದು ಸಾಲು ಬರೆದು, ಪುಸ್ತಕವನ್ನು ನನ್ನ ಕಡೆ ತಿರುಗಿಸಿದರು. "ಅಕ್ಕನಿಗೆ ಮೊದಲೇ ಗೊತ್ತಿತ್ತು," ಎಂದಿತ್ತು.

"ಅಷ್ಟು ವರ್ಷ ಫೋನ್‌ನಲ್ಲಿ ಬರೀ ನಿನ್ ಸುದ್ದೀನೇ ಹೇಳ್ತಿದ್ನಲ್ಲೋ ಅವ್ನು. ಆವತ್ತು ರೂಮ್‌ಮೇಟ್ ಅಂದಿದ್ದು ನಿನ್ ಬಾಯಿಂದಾನೇ ಕೇಳ್ಬೇಕು ಅಂತ," ಎಂದು ನಕ್ಕರು. ಆಮೇಲೆ ಇಬ್ಬರೂ ಅತ್ತೆವು. ಊವೆ ಕೇಳದೆಯೇ ಇನ್ನೊಂದು ಲೋಟ ಸೇಬಿನ ರಸ ತಂದಿಟ್ಟ.

ಕಾರಣ ಸಿಗದ ಯಂತ್ರವನ್ನು ನಾನು ಹೊರಗೆ ಕಳಿಸುವುದಿಲ್ಲ ಎಂದೆನಲ್ಲ, ಇದೊಂದನ್ನು ಕಳಿಸುತ್ತಿದ್ದೇನೆ. ಆ ನಾಲ್ಕು ಸಾಲು ಬರೆದವರು ಯಾರೆಂದು ನನಗೆ ಇಂದಿಗೂ ಗೊತ್ತಿಲ್ಲ. ಐದನೆಯ ಸಾಲು ಮಾತ್ರ ಅಕ್ಕನದು. ಅದನ್ನು ಬರೆಯುವಾಗ ನಾನು ಪಕ್ಕದಲ್ಲೇ ಕೂತು ನೋಡಿದ್ದೇನೆ.